ಗಾದಿಯೊಳಗೆ ಹೊಲಿದ ಫೋನು

ನಾವು ಗಾದಿ ಮಾಡುವ ಪಿಂಜಾರರು. ಮರಾಠಿ ಸೀಮೆಯ ಅಂಚಿನ ಜತ್ತದ ಹಳೆ ಪೇಟೆಯ ಓಣಿಯೊಂದರಲ್ಲಿ ನಮ್ಮ ಅಂಗಡಿ, ಅದರ ಬೆನ್ನಿಗೇ ಮನೆ. ಸುತ್ತಲ ಹಳ್ಳಿಗಳಿಂದ ಗಂಡನ ಮನೆಗೆ ಹೋದ ಎಷ್ಟೋ ಹೆಣ್ಣುಮಕ್ಕಳು ನಾವು ಹೊಲಿದ ಗಾದಿಯ ಮೇಲೆ ಮಲಗಿದ್ದಾರೆ. ಊರಿಗೆಲ್ಲ ಮೆತ್ತನೆಯ ಹಾಸಿಗೆ ಮಾಡಿಕೊಟ್ಟ ಮನೆಯಲ್ಲಿ ಒಬ್ಬ ಹುಡುಗಿಗೆ ನಿದ್ದೆ ಇಲ್ಲದಂತಾಯಿತು. ಅದು ರೋಗ ಎಂದು ನಮಗೆ ತಿಳಿಯುವ ಹೊತ್ತಿಗೆ ರಕ್ತ ಬಿದ್ದಿತ್ತು.

ಆ ಹುಡುಗಿ ನನ್ನ ಮಗ ದಸ್ತಗೀರನ ಮಗಳು ಸಮೀನಾ. ಸಾಂಗ್ಲಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ನನ್ನ ಓದು ಕನ್ನಡ ಸಾಲೆಯ ನಾಲ್ಕನೇ ಇಯತ್ತೆಗೆ ನಿಂತದ್ದು. ಆದ್ದರಿಂದ ನಾನು ಹೇಳುತ್ತಿದ್ದೇನೆ, ಆಕೆ ಬರೆದುಕೊಳ್ಳುತ್ತಿದ್ದಾಳೆ. ನಿನಗೆ ಬೇಡವಾದದ್ದನ್ನು ಬಿಟ್ಟುಬಿಡು ಎಂದೆ. ಬಿಡುವುದಿಲ್ಲ ಎಂದಳು. ಮಿರಜಿನ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಹಾಗೆ ತಲೆ ತಗ್ಗಿಸಿ ಕೂತವರನ್ನು ಬಹಳ ಮಂದಿ ನೋಡಿದೆ. ತಮ್ಮ ಮನೆಗೆ ಮಾತ್ರ ಇದು ಬಂದಿದೆ ಎಂದು ಎಲ್ಲರೂ ತಿಳಿದುಕೊಂಡಿದ್ದರು. ನಾನೂ ಹಾಗೇ ತಿಳಿದುಕೊಂಡಿದ್ದೆ. ಅದಕ್ಕೆ ಹೇಳುತ್ತಿದ್ದೇನೆ.

ಮೊದಲು ನನ್ನ ಗಂಡನ ಸಾವನ್ನು ಹೇಳಬೇಕು. ಚಳಿಗಾಲದ ಒಂದು ನಸುಕಿನಲ್ಲಿ ಅಂಗಡಿಯ ಬಾಗಿಲು ತೆಗೆಯಲು ಹೋದವನು ಎದೆ ಹಿಡಿದುಕೊಂಡು ಅರಳೆಯ ಮೂಟೆಗೆ ಒರಗಿದ. ಮತ್ತೆ ಏಳಲಿಲ್ಲ. ಸಮೀನಾಳಿಗೆ ಆಗ ಮೊದಲ ವರ್ಷದ ಪರೀಕ್ಷೆ ನಡೆದಿತ್ತು. ಪರೀಕ್ಷೆಗೆ ಕೂತ ಮಕ್ಕಳಿಗೆ ನಮ್ಮ ಕಡೆ ಸಾವು ತಿಳಿಸುವುದಿಲ್ಲ. ಯಾರ ಮನೆಯಾದರೂ ಅಷ್ಟೇ, ಯಾವ ಜಾತಿಯವರಾದರೂ ಅಷ್ಟೇ. ಪೇಪರು ಮುಗಿಯಲಿ ಎನ್ನುತ್ತಾರೆ. ಹೆಣ ಇನ್ನೂ ಮನೆಯಲ್ಲಿದ್ದಾಗಲೇ ದಸ್ತಗೀರ ಹಿತ್ತಲಿಗೆ ಹೋಗಿ ಮಗಳಿಗೆ ಫೋನು ಮಾಡಿದ. ಅಳುವವರ ದನಿ ಕೇಳಿಸಬಾರದೆಂದು ಬಚ್ಚಲ ಬಾಗಿಲು ಹಾಕಿಕೊಂಡಿದ್ದ. "ಎಲ್ಲಾ ಚಲೋ ಐತವ್ವಾ. ಪೇಪರ್ ಶಾಂತ ಬರಿ," ಎಂದ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಹಾಗೇ ಮಾಡು ಎನ್ನುತ್ತಿದ್ದೆ. ಎಲ್ಲರೂ ಮಾಡುವುದು ಅದನ್ನೇ.

ಪರೀಕ್ಷೆ ಮುಗಿದ ಮೇಲೆ ದಸ್ತಗೀರ ಹೋಗಿ ಕರೆತಂದ. ದಾರಿಯಲ್ಲಿ ಹೇಳುತ್ತೇನೆ ಎಂದವನಿಗೆ ಬಾಯಿ ಬರಲಿಲ್ಲ. ಒಳಗೆ ಬಂದ ಹುಡುಗಿ, ಗಂಡ ಸತ್ತವರು ಮನೆಯೊಳಗೇ ಇರಬೇಕಾದ ಇದ್ದತ್ತಿಗೆ ಮೂಲೆಯಲ್ಲಿ ಕೂತಿದ್ದ ನನ್ನನ್ನು ನೋಡಿದಳು, ಬಳೆಯಿಲ್ಲದ ನನ್ನ ಕೈ ನೋಡಿದಳು. ನಾನು ಬಾಯಿ ತೆಗೆಯುವ ಮುಂಚೆಯೇ ತಿಳಿಯಿತು. "ಬಸ್ ಭಾಳ ತಡಾ ಆತು," ಎಂದು ಹೇಳಿ ಮುಖ ತೊಳೆಯಲು ಹೋದಳು. ಅಳಲಿಲ್ಲ. ಮಾತಾಡಿಸಲು ಬಂದ ಹೆಂಗಸರೆಲ್ಲ ಹುಡುಗಿ ಭಾಳ ಗಟ್ಟಿ, ಓದಿದವಳು ನೋಡು ಎಂದರು. ನನಗೂ ಹೆಮ್ಮೆಯೇ ಆಯಿತು.

ನನ್ನ ಗಂಡ ರಮಜಾನಿನಲ್ಲಿ ಉಪವಾಸಕ್ಕೆ ಮುಂಚಿನ ನಸುಕಿನ ಸಹರಿ ಊಟಕ್ಕೆ ಓಣಿಯನ್ನು ಎಬ್ಬಿಸುತ್ತಿದ್ದ. ಅರಳೆ ಬಡಿಯುವ ಕೋಲಿನಿಂದ ಬಾಗಿಲಿಗೊಂದು ಏಟು, ಜತೆಗೊಂದು ಬೈಗುಳ. ಆ ವರ್ಷ ರಮಜಾನ್ ಬಂದಾಗ ಇನ್ನು ಯಾರು ಎಬ್ಬಿಸುತ್ತಾರೆ ಎಂಬ ಮಾತು ಬಂತು. ಕಾಲೇಜಿಗೆ ರಜೆ ಹಾಕಿ ಊರಿಗೆ ಬಂದಿದ್ದ ಸಮೀನಾ ತಾನು ಎಬ್ಬಿಸುತ್ತೇನೆ ಎಂದಳು. ಕೋಲು ಬೇಡ, ಫೋನು ಸಾಕು. ದಿನಾಲು ಒಂದೊಂದು ಮನೆಗೂ ಫೋನು ಮಾಡಿ, ಎತ್ತುವ ತನಕ ಬಿಡುತ್ತಿರಲಿಲ್ಲ. ಒಂದು ದಿನವೂ ತಪ್ಪಲಿಲ್ಲ. ಮಸೀದಿಯ ಮುಂದೆ ದಸ್ತಗೀರನನ್ನು ನಿಲ್ಲಿಸಿ ಜನ ಹೊಗಳಿದರು. ಮುತ್ಯಾನ ಕೆಲಸ ಮೊಮ್ಮಗಳು ಹಿಡಿದಳು ಎಂದರು. ಅಷ್ಟು ಹೊತ್ತಿಗೆ ಏಳಲು ಈಕೆಯನ್ನು ಯಾರು ಎಬ್ಬಿಸುತ್ತಾರೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಯಾರೂ ಎಬ್ಬಿಸುತ್ತಿರಲಿಲ್ಲ. ಆಕೆ ಮಲಗುತ್ತಲೇ ಇರಲಿಲ್ಲ. ಉಪವಾಸದ ತಿಂಗಳಲ್ಲಿ ಎಲ್ಲರ ನಿದ್ದೆಯೂ ಹರಿದು ಚೂರಾಗಿರುತ್ತದೆ, ಎಲ್ಲರ ಕಣ್ಣೂ ಕೆಂಪಾಗಿರುತ್ತವೆ. ಅದರಲ್ಲಿ ಈಕೆಯ ಕಣ್ಣು ಬೇರೆಯಾಗಿ ಕಾಣಲಿಲ್ಲ.

ಹಬ್ಬ ಮುಗಿದು ಸಾಂಗ್ಲಿಗೆ ಹೋದಳು. ಸ್ವಲ್ಪ ದಿನಕ್ಕೆ ಹಾಸ್ಟೆಲಿನಿಂದ ಫೋನು ಬಂತು. ಹುಡುಗಿ ಕ್ಲಾಸಿಗೆ ಹೋಗುತ್ತಿಲ್ಲ, ಹೋದರೆ ಬೆಂಚಿನ ಮೇಲೆ ತಲೆಯಿಟ್ಟು ಬೀಳುತ್ತಾಳೆ, ರಾತ್ರಿಯೆಲ್ಲ ಫೋನಿನ ಬೆಳಕು ಹೊತ್ತಿಸಿಕೊಂಡಿರುತ್ತಾಳೆ, ಜತೆಯ ಹುಡುಗಿಯರು ರೂಮು ಬದಲಿಸಿ ಎನ್ನುತ್ತಿದ್ದಾರೆ, ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದಾಳೆ, ಬಂದು ಕರೆದುಕೊಂಡು ಹೋಗಿ ಎಂದರು. ಕರೆತಂದಾಗ ಕುಪ್ಪಸದ ತೋಳು ಜೋತಾಡುತ್ತಿದ್ದವು.

ಊಟಕ್ಕೆ ಕೂತರೆ ಫೋನು, ಬಚ್ಚಲಿಗೆ ಹೋದರೆ ಫೋನು. ಹೆಬ್ಬೆರಳು ಓಡುತ್ತಲೇ ಇರುತ್ತಿತ್ತು. ನಗುವುದಾಗಲಿ, ಯಾರ ಜತೆಗಾದರೂ ಮಾತಾಡುವುದಾಗಲಿ ಏನೂ ಇರಲಿಲ್ಲ. ಹಸಿವೆಯೇನು ಎಂದರೆ ಗೊತ್ತಿಲ್ಲ. ಸಿಟ್ಟು ಬಂದಿದೆಯೇನು ಎಂದರೆ ಗೊತ್ತಿಲ್ಲ. ಏನಾಗಿದೆ ಎಂದರೆ ಏನಿಲ್ಲ. ಅವಳ ತಾಯಿ ಮೈಮುನಾ ಮುಂದೆ ಕೂತು ಅತ್ತರೆ ಬೇರೆಯವರ ಮನೆಯ ಟೀವಿ ನೋಡಿದ ಹಾಗೆ ನೋಡುತ್ತಿದ್ದಳು. ಸುಳ್ಳು ಹೇಳುವವರ ಮುಖ ನನಗೆ ತಿಳಿಯುತ್ತದೆ. ಈ ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ತನ್ನೊಳಗೆ ಏನಿದೆ ಎಂಬುದು ಆಕೆಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಅಂಥದ್ದೊಂದು ಇರುತ್ತದೆ ಎಂದು ನಾನು ಆ ತನಕ ಕೇಳಿರಲಿಲ್ಲ.

ಓಣಿಯವರು ಯಾವನೋ ಇದ್ದಾನೆ ಎಂದರು. ದಸ್ತಗೀರನ ತಲೆಯಲ್ಲೂ ಅದೇ ಹೊಕ್ಕಿತು. ಒಂದು ದಿನ ಫೋನು ಕಸಿದುಕೊಂಡು ತಾಸುಗಟ್ಟಲೆ ತಡಕಾಡಿದ. ಆಮೇಲೆ ನನ್ನ ಹತ್ತಿರ ಬಂದು ಕೂತು, "ಯಾರೂ ಇಲ್ಲವ್ವಾ. ನಮ್ಮ ಓಣಿ ಮಂದಿ ಹೆಸರ ಅಷ್ಟ ಅದಾವ," ಎಂದ. ಹುಡುಗ ಸಿಕ್ಕಿದ್ದರೇ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ. ಬೈಯಲು ಒಬ್ಬನಾದರೂ ಇರುತ್ತಿದ್ದ.

ಬೈಯಲು ಯಾರೂ ಸಿಗದೆ ಫೋನಿನ ಮೇಲೆಯೇ ಅವನ ಸಿಟ್ಟು ತಿರುಗಿತು. ಬೀಗ ಹಾಕಿಟ್ಟರೆ ಬೀಗ ಒಡೆಯುತ್ತಾಳೆ, ಅಕ್ಕಪಕ್ಕದವರಿಗೆ ಕೊಟ್ಟರೆ ಮಾತಾಗುತ್ತದೆ. ಆ ದಿನ ಯಳವಿ ಹಳ್ಳಿಯ ಮದುವೆಯೊಂದರ ಗಾದಿಗಳು ಅಂಗಡಿಯಲ್ಲಿದ್ದವು. ಕೆಂಪು ಬಟ್ಟೆಯವು, ಅರಳೆ ತುಂಬಿ ಬಾಯಿ ಹೊಲಿಯುವುದಷ್ಟೇ ಬಾಕಿ. ಸಮೀನಾ ಫೋನು ಚಾರ್ಜಿಗಿಟ್ಟು ಸ್ನಾನಕ್ಕೆ ಹೋದಾಗ ಅವನು ಅದನ್ನು ತೆಗೆದು ಒಂದು ಗಾದಿಯ ನಡುವೆ ತುರುಕಿ ಬಾಯಿ ಹೊಲಿದುಬಿಟ್ಟ. ಗಾದಿ ಹೊಲಿಯುವವನ ತಲೆಗೆ ಹೊಳೆಯುವ ಉಪಾಯವೇ ಅದು. ಎರಡು ದಿನ ಫೋನಿಲ್ಲದಿದ್ದರೆ ದಣಿದು ತಾನೇ ಮಲಗುತ್ತಾಳೆ ಎಂದು ಅವನ ಲೆಕ್ಕ.

ಹೊರಗೆ ಬಂದವಳು ಎಲ್ಲಿ ಎಂದು ಒಮ್ಮೆ ಕೇಳಿದಳು. ದಸ್ತಗೀರ, "ನಿದ್ದಿ ಮಾಡು, ಆಮ್ಯಾಲ ಕೊಡ್ತೀನಿ," ಎಂದ. ಆಕೆ ಕೂಗಾಡಲಿಲ್ಲ. ಮನೆಯೆಲ್ಲ ಹುಡುಕಿದಳು. ಅಪ್ಪ ಊಟಕ್ಕೆ ಕೂತಾಗ ಅಂಗಡಿಗೆ ಹೋದಳು. ನಾನು ಹೋಗಿ ನೋಡುವ ಹೊತ್ತಿಗೆ ಅಂಗಡಿಯ ತುಂಬ ಅರಳೆ ಹಾರಾಡುತ್ತಿತ್ತು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಒಂದೊಂದೇ ಗಾದಿಯನ್ನು ಉದ್ದಕ್ಕೆ ಸೀಳಿ ಮೊಣಕೈ ತನಕ ಕೈಹಾಕಿ ಹುಡುಕುತ್ತಿದ್ದಳು. ಎಡಗೈಯ ಅಂಗೈ ಸೀಳಿತ್ತು. ಹೊಲಿಗೆಗೆ ಚುಚ್ಚಿಟ್ಟಿದ್ದ ದಬ್ಬಣ ಅದೇ ಕೈಯ ಹೆಬ್ಬೆರಳಿನ ಬುಡಕ್ಕೆ ಹೊಕ್ಕು ಅಲ್ಲಿಯೇ ನಿಂತಿತ್ತು. ಅರಳೆ ಕೆಂಪಗೆ ಗಂಟುಗಂಟಾಗಿ ಕೈಗೆ ಅಂಟಿಕೊಂಡಿತ್ತು.

ಕೈ ಹಿಡಿದುಕೊಂಡು, "ನೋಯಾಕತ್ತಿಲ್ಲೇನ?" ಎಂದೆ.

"ಏನು?" ಎಂದಳು.

ದಬ್ಬಣವನ್ನು ನಾನೇ ಕಿತ್ತೆ. ಮುಖದ ಒಂದು ನರವೂ ಅಲುಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಕೈಗೆ ಫೋನು ಸಿಕ್ಕಿತ್ತು. ಅರಳೆಯ ನಡುವೆ ಕುಸಿದು ಕೂತು ನೋಡತೊಡಗಿದಳು. ಗಾಜಿನ ಮೇಲೆ ರಕ್ತ, ಅದರ ಮೇಲೆ ಹೆಬ್ಬೆರಳು ಓಡುತ್ತಿತ್ತು. ದಸ್ತಗೀರ ಎಂಜಲುಗೈಯಲ್ಲಿಯೇ ಓಡಿ ಬಂದು ಬಾಗಿಲಲ್ಲಿ ನಿಂತ. ಹೊಡೆಯಲೂ ಇಲ್ಲ, ಹತ್ತಿರ ಬರಲೂ ಇಲ್ಲ.

ಪೇಟೆಯ ಡಾಕ್ಟರ್ ಕೈಗೆ ಹೊಲಿಗೆ ಹಾಕಿದರು. ಹೊಲಿಯುವುದನ್ನು ಆಕೆ ನೋಡುತ್ತ ಕೂತಿದ್ದಳು. ಅದನ್ನು ನೋಡಿ ಡಾಕ್ಟರೇ ಹೆದರಿದರು. ಕೈ ವಾಸಿಯಾಗುತ್ತದೆ, ಉಳಿದದ್ದು ನನ್ನಿಂದ ಆಗುವುದಿಲ್ಲ, ಮಿರಜಿಗೆ ಒಯ್ಯಿರಿ, ಮನಸ್ಸಿನ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದರು. ಮೈಮುನಾ ಅಲ್ಲಿಯೇ ಗೋಡೆ ಹಿಡಿದು ಕೂತಳು. ಹುಚ್ಚರ ದವಾಖಾನೆಗೆ ಹೋಗಿಬಂದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಅವಳ ಅಳು. ಸತ್ತ ಹುಡುಗಿಯನ್ನು ಯಾರು ಆಗುತ್ತಾರೆ ಎಂದು ನಾನು ಕೇಳಿದೆ. ಅವಳು ನನ್ನ ಜತೆ ಮಾತು ಬಿಟ್ಟಳು. ಆದರೆ ಬಟ್ಟೆ ಗಂಟು ಕಟ್ಟಿದಳು.

ನನ್ನ ತಂಗಿ ಬೀಬಿಜಾನ ಬಾಲಗಾಂವದಿಂದ ಬಂದಳು. ಆಕೆಗೆ ಮಕ್ಕಳಿಲ್ಲ, ಸಮೀನಾಳನ್ನು ಎತ್ತಿ ಆಡಿಸಿದವಳು. ಬರುವಾಗಲೇ ಮಂತ್ರಿಸಿದ ಕರಿದಾರ ತಂದಿದ್ದಳು. ದಾರವನ್ನೂ ಕಟ್ಟಿದಳು, ನಮ್ಮ ಜತೆ ಮಿರಜಿನ ಬಸ್ಸನ್ನೂ ಹತ್ತಿದಳು. ಎರಡರಲ್ಲಿ ಒಂದಾದರೂ ನಾಟುತ್ತದೆ ಎಂದಳು.

ಮಿರಜಿನಲ್ಲಿ ಹೊರಗಿನ ಹಜಾರದ ತುಂಬ ಜನ. ಕೂಗಿ ಕರೆಯುವ ತನಕ ಕಾಯಬೇಕು. ಬಂದವರೆಲ್ಲ ಸೆರಗನ್ನೋ ಟವೆಲನ್ನೋ ಮುಖಕ್ಕೆ ಅಡ್ಡ ಹಿಡಿದಿದ್ದರು, ಊರಿನವರು ಯಾರಾದರೂ ನೋಡಿಯಾರು ಎಂದು. ಬೀಬಿಜಾನಳಿಗೆ ಮಾತ್ರ ಅಂಥದ್ದೇನೂ ಇರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿ ಅಕ್ಕಪಕ್ಕದವರಿಗೆಲ್ಲ ಹಂಚುತ್ತ ಒಬ್ಬೊಬ್ಬರನ್ನೇ ಮಾತಾಡಿಸಿದಳು. ಮಾಡಗ್ಯಾಳದ ಕುರಿಗಾರನೊಬ್ಬ ಹೆಂಡತಿಯನ್ನು ಕರೆತಂದಿದ್ದ. ಆಕೆ ಒಂದು ವರ್ಷದಿಂದ ನಕ್ಕಿಲ್ಲವಂತೆ. ನಮ್ಮ ಹುಡುಗಿ ತೂಗಾಡುತ್ತಿರುವುದನ್ನು ನೋಡಿ ಅವನು ಯಾರೂ ಕೇಳದೆಯೇ ತನ್ನ ಕಂಬಳಿ ಬಿಚ್ಚಿ ನೆಲಕ್ಕೆ ಹಾಸಿದ. ಸಮೀನಾ ಮಲಗಿದಳು, ಕಣ್ಣು ಮುಚ್ಚಲಿಲ್ಲ. ಅವನ ಹೆಂಡತಿ ಅವಳ ಕಾಲಿನ ಮೇಲೆ ಸೆರಗು ಹೊದಿಸಿದಳು.

ಬೀಬಿಜಾನ ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಇಲ್ಲಿ ಬರೇ ಹುಚ್ಚರ ಇರ್ತಾರ ಅಂದಿದ್ರು. ನಮ್ಮ ಮನಿ ಮಂದಿಗಿಂತ ಶಾಣ್ಯಾರ ಅದಾರಲ್ಲ," ಎಂದಳು. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ನಮ್ಮನ್ನು ನೋಡಿದ ಡಾಕ್ಟರು ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು, ದಸ್ತಗೀರನ ವಯಸ್ಸಿರಬೇಕು. ಕನ್ನಡ ಬಾರದು. ಸಮೀನಾ ಮರಾಠಿ ಚೆನ್ನಾಗಿ ಬಲ್ಲವಳು, ಆದರೆ ಅದರಲ್ಲಿ ಕೇಳಿದ್ದಕ್ಕೆಲ್ಲ ಅದೇ ಉತ್ತರ, ಏನಿಲ್ಲ, ಗೊತ್ತಿಲ್ಲ. ಒಂದೇ ಸಲಕ್ಕೆ ಏನೂ ಆಗಲಿಲ್ಲ. ಗುಳಿಗೆ ಬರೆದುಕೊಟ್ಟು ಕಳಿಸಿದರು, ಮತ್ತೆ ಕರೆದರು. ಗುಳಿಗೆಯಿಂದ ಮೊದಲು ನಾಲಗೆ ಒಣಗಿತು, ಕೈ ನಡುಗಿತು, ಹಗಲಲ್ಲಿ ಮಂಕಾಗಿ ಕೂರುವಳು. ಗುಳಿಗೆ ನಿಲ್ಲಿಸು ಎಂದು ಮೈಮುನಾ ದಸ್ತಗೀರನಿಗೆ ಗಂಟುಬಿದ್ದಳು. ನಾನು ದಿನಾಲು ಆಕೆಯ ಬಾಯಿ ತೆಗೆಸಿ ನುಂಗಿದ್ದನ್ನು ನೋಡುತ್ತಿದ್ದೆ.

ಹೀಗೆ ಹೋಗಿಬರುವಾಗ ಒಂದು ದಿನ ಡಾಕ್ಟರ್ ಬಾಯಿ ನನ್ನನ್ನು ಒಳಗೆ ಕರೆದರು. ಹುಡುಗಿ ಮನೆಯ ಮಾತಿನಲ್ಲಿಯೇ ಹೇಳಲಿ, ಅಜ್ಜಿ ಅದನ್ನು ನನಗೆ ಮರಾಠಿಯಲ್ಲಿ ಹೇಳಲಿ ಎಂದರು. ಆಮೇಲೆ, ಫೋನಿನಲ್ಲಿ ಏನು ನೋಡುತ್ತೀ ಎಂದಷ್ಟೇ ಕೇಳಿದರು. ಅದನ್ನು ಅಲ್ಲಿಯ ತನಕ ನಾವ್ಯಾರೂ ಕೇಳಿರಲಿಲ್ಲ. ಯಾರನ್ನು ನೋಡುತ್ತೀ ಎಂದು ಕೇಳಿದ್ದೆವು.

ಸಮೀನಾ ಕೈಗೆ ಕಟ್ಟಿದ್ದ ಪಟ್ಟಿಯ ಅಂಚನ್ನು ಬಿಡಿಸತೊಡಗಿದಳು. ಆಮೇಲೆ ಹೇಳಿದಳು.

"ಮುತ್ಯಾ ಸತ್ತಾಗ ನಾ ಮಲಗಿದ್ದೆ. ಎದ್ದಮ್ಯಾಲ ಅಪ್ಪ ಫೋನ್ ಮಾಡಿ ಎಲ್ಲಾ ಚಲೋ ಐತಿ ಅಂದ. ನಾ ಉಪ್ಪಿಟ್ಟು ತಿಂದು ಪೇಪರ್ ಬರದು ಬಂದೆ. ಈಗ ಯಾರರೆ ಚಲೋ ಐತಿ ಅಂದ್ರ ನಂಬಿಕಿ ಬರಂಗಿಲ್ಲ. ಅದಕ್ಕ, ಯಾರು ಕಡೀಕ ಯಾವಾಗ ಫೋನ್ ನೋಡ್ಯಾರ ಅಂತ ಫೋನಿನಾಗ ಬರ್ತೈತಿ, ಅದನ್ನ ನೋಡ್ಕೋತ ಕುಂದರ್ತೀನಿ. ಅವ್ವ ಫೋನ್ ಯಾವಾಗ ನೋಡ್ಯಾಳ, ಅಪ್ಪ ಯಾವಾಗ ನೋಡ್ಯಾನ, ಓಣ್ಯಾಗ ಯಾರ್ಯಾರ ನೋಡ್ಯಾರ. ನೋಡಿದ್ರ ಅವರು ಅದಾರ ಅಂತ. ಸಹರಿಗೆ ಫೋನ್ ಹಚ್ಚಿದಾಗೂ ಅಷ್ಟ. ಎತ್ತಿದ್ರ ಅದಾರ." ನನ್ನ ಕಡೆ ತಿರುಗಿದಳು. "ನಿನ್ನ ಬಟನ್ ಫೋನಿನಾಗ ಅದು ಕಾಣಂಗಿಲ್ಲ ಆಯಿ. ಅದಕ್ಕ ನಿನ್ನ ಮಗ್ಗಲಾಗ ನಿನ್ನ ಉಸರ ಕೇಳ್ಕೋತ ಕುಂದರತಿದ್ದೆ."

ಇದನ್ನೆಲ್ಲ ನನ್ನ ಬಾಯಿಂದ ಮರಾಠಿಯಲ್ಲಿ ಹೇಳಬೇಕಾಯಿತು. ಮರಾಠಿ ನನಗೆ ಗಿರಾಕಿಗಳ ಜತೆ ಆಡಿ ರೂಢಿ. ಕಡೆಯ ಮಾತಿನ ಹತ್ತಿರ ಬಂದಾಗ ನೀರು ಕೇಳಿದೆ. ಡಾಕ್ಟರ್ ಬಾಯಿ ತಾವೇ ಎದ್ದು ನೀರು ಕೊಟ್ಟರು. ಹೇಳಿ ಮುಗಿಸಿದೆ.

ಈ ರೋಗಕ್ಕೆ ಅವರು ಒಂದು ಹೆಸರು ಹೇಳಿದರು, ನನ್ನ ನಾಲಗೆಗೆ ಅದು ತಿರುಗುವುದಿಲ್ಲ. ಮುತ್ಯಾನ ಸಾವು ಒಂದೇ ಕಾರಣ ಎಂದೂ ಅವರು ಹೇಳಲಿಲ್ಲ. ಕೆಲವರಿಗೆ ಒಳಗಿನ ದುಃಖ, ಅಂಜಿಕೆ, ಸಿಟ್ಟು ಇದು ಇಂಥದ್ದು ಎಂದು ಗುರುತೇ ಸಿಗುವುದಿಲ್ಲವಂತೆ. ಸಿಗದಿದ್ದಾಗ ಕೈ ಫೋನಿಗೆ ಹೋಗುತ್ತದೆ, ಫೋನು ನಿದ್ದೆ ತಿನ್ನುತ್ತದೆ, ನಿದ್ದೆಗೆಟ್ಟ ತಲೆಗೆ ಒಳಗಿನದು ಇನ್ನೂ ಮಬ್ಬಾಗುತ್ತದೆ. ಫೋನು ಕಸಿಯಬೇಡಿ, ಆದರೆ ಮಲಗುವಾಗ ಆಕೆಯ ಹತ್ತಿರ ಇರಬಾರದು ಎಂದರು. ದಿನಕ್ಕೊಂದು ಸಲ ಒಳಗೆ ಏನಿದೆ ಎಂದು ಬಾಯಿಬಿಟ್ಟು ಹೇಳಿಸಿ, ಏನಿಲ್ಲ ಎನ್ನುವಂತಿಲ್ಲ ಎಂದರು.

ಮನೆಗೆ ಬಂದು ದಸ್ತಗೀರನಿಗೆ ಹೇಳಿದೆ. ಅವನು ಮುಖ ತಿರುಗಿಸಿ ಹರಿದ ಗಾದಿಯ ಬಟ್ಟೆ ಮಡಿಚುತ್ತ, "ನಾ ಅಕಿ ಚಲೋಕ್ಕ ಮಾಡೇನಿ," ಎಂದ. ನಿಜವೇ. ನಾವು ಮಾಡಿದ್ದು ತಪ್ಪೋ ಸರಿಯೋ ಎಂದು ಈಗ ಕೂತು ತೂಗಿದರೆ ಹುಡುಗಿಯ ನಿದ್ದೆ ತಿರುಗಿ ಬರುವುದಿಲ್ಲ. ನಾನು ಸಮೀನಾಳನ್ನು ಎದುರಿಗೆ ಕೂರಿಸಿಕೊಂಡೆ.

"ರಾತ್ರಿ ನಿನ್ನ ಫೋನ ನಾ ಕಾಯ್ತೀನಿ. ಯಾರರೆ ಸತ್ತರ ನಿನಗ ಮೊದಲ ಎಬ್ಬಸ್ತೀನಿ. ಪೇಪರ್ ಇರ್ಲಿ, ಜ್ವರಾ ಇರ್ಲಿ, ಎಬ್ಬಸ್ತೀನಿ. ಎಬ್ಬಸ್ಲಿಲ್ಲಂದ್ರ ಎಲ್ಲಾರೂ ಅದಾರ ಅಂತ ತಿಳಕೋ."

"ನೀ ಸತ್ತರ?" ಎಂದಳು.

"ನಿಮ್ಮವ್ವ ಎಬ್ಬಸ್ತಾಳ," ಎಂದೆ. ಮೈಮುನಾ ಒಲೆಯ ಮುಂದಿನಿಂದಲೇ ಹೂಂ ಎಂದಳು. ಆ ದಿನದಿಂದ ನನ್ನ ಜತೆ ಮಾತು ಶುರು ಮಾಡಿದಳು.

ಹಾಗೆಂದ ಕೂಡಲೇ ನಿದ್ದೆ ಬಂತು ಎಂದು ತಿಳಿಯಬೇಡಿ. ಫೋನು ನನ್ನ ತಲೆದಿಂಬಿನ ಕೆಳಗೆ ಹೋಯಿತು, ಆಕೆಯ ಕೈ ಬಹಳ ದಿನ ಖಾಲಿ ಹಾಸಿಗೆಯನ್ನು ತಡಕುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಲಿಗೆಗೆ ಕೂತು ಕೇಳುತ್ತಿದ್ದೆ. ಮೊದಮೊದಲು ಮೈಯದೊಂದೇ ಹೇಳುತ್ತಿದ್ದಳು, ಗಂಟಲು ಒಣಗಿದೆ, ಹೊಟ್ಟೆ ಬಿಗಿದಿದೆ ಎಂದು. ಸಾಕು ಎನ್ನುತ್ತಿದ್ದೆ. ಎಷ್ಟೋ ವಾರಗಳ ನಂತರ ಒಂದು ಸಂಜೆ ಅವರಪ್ಪ ಅಲ್ಲಿಯೇ ಇರುವಾಗ, "ಅಪ್ಪನ ಮ್ಯಾಲ ಸಿಟ್ಟ ಐತಿ," ಎಂದಳು. ದಸ್ತಗೀರನ ಕೈಯ ದಬ್ಬಣ ನಿಂತಿತು. ಬೈಯುತ್ತಾನೆ ಎಂದುಕೊಂಡೆ. "ಇರ್ಲಿ," ಎಂದ. ಮತ್ತೆ ಹೊಲಿಯತೊಡಗಿದ.

ಕಾಲೇಜು ಒಂದು ವರ್ಷ ಹೋಯಿತು. ಮುಂದಿನ ರಮಜಾನಿನಲ್ಲಿ ಗುಳಿಗೆ ನಡೆದಿದ್ದರಿಂದ ಆಕೆಗೆ ಉಪವಾಸ ಬೇಡ ಎಂದಿದ್ದರು. ಗಂಡನ ಕೋಲು ಹಿಡಿದು ನಾನೇ ಓಣಿಯ ಬಾಗಿಲು ಬಡಿದೆ. ನಾನು ಹೊರಗೆ ಹೋಗಿ ಬರುವ ತನಕ ಸಮೀನಾ ಮಲಗಿಯೇ ಇರುತ್ತಿದ್ದಳು. ದಿನಾಲು ಅಲ್ಲ, ಕೆಲವು ದಿನ.

ಹಬ್ಬ ಕಳೆದು ಬಿಸಿಲು ಏರಿದ ಮೇಲೆ ಒಂದು ಬೆಳಗ್ಗೆ ನಮಾಜು ಮುಗಿಸುವಷ್ಟರಲ್ಲಿ ನನ್ನ ತಲೆದಿಂಬಿನ ಕೆಳಗೆ ಅವಳ ಫೋನು ಗುಂಯ್‌ಗುಟ್ಟಿತು. ಬಾಲಗಾಂವದಿಂದ, ಬೀಬಿಜಾನಳ ಪಕ್ಕದ ಮನೆಯವರು. ನನ್ನ ತಂಗಿ ನಸುಕಿನಲ್ಲಿ ನೀರು ತುಂಬಲು ಎದ್ದವಳು ಬಿದ್ದು ಅಲ್ಲಿಯೇ ಪ್ರಾಣ ಬಿಟ್ಟಿದ್ದಳು. ನಾನು ಅಲ್ಲಿಯೇ ಕೂತೆ. ದಸ್ತಗೀರನೂ ಮೈಮುನಾಳೂ ಬಂದರು. ಒಳಗೆ ಸಮೀನಾ ಗೊರಕೆ ಹೊಡೆಯುತ್ತಿದ್ದಳು. ಆ ಗೊರಕೆಗಾಗಿ ಒಂದು ವರ್ಷ ಮಿರಜಿನ ಆ ಬೆಂಚಿನ ಮೇಲೆ ಕೂತಿದ್ದೆವು.

"ಇವತ್ತೊಂದಿನಾ ಮಲಗ್ಲಿ ಬಿಡವ್ವಾ," ಎಂದ ದಸ್ತಗೀರ. "ನಾವು ಹೋಗಿ ಮಣ್ಣ ಮಾಡಿ ಬರೂಣು. ಸಂಜಿಗಿ ಹೇಳಿದ್ರಾತು."

ಎಬ್ಬಿಸಿದರೆ ಮತ್ತೆ ಮೊದಲಿನಂತಾಗಿಬಿಟ್ಟರೆ ಎಂಬ ಅಂಜಿಕೆ ನನಗೂ ಇತ್ತು. ಎದ್ದು ಒಳಗೆ ಹೋದೆ. ಹೆಗಲು ಹಿಡಿದು ಅಲುಗಾಡಿಸಿದೆ. ಒಂದೇ ಸಲಕ್ಕೆ ಏಳಲಿಲ್ಲ, ಅಷ್ಟು ಗಾಢ ನಿದ್ದೆ.

"ಬೀಬಿಜಾನ ಆಯಿ ಹೋದಳು," ಎಂದೆ. "ಈಗ ಫೋನ್ ಬಂತು. ಇನ್ನೂ ಮಣ್ಣ ಮಾಡಿಲ್ಲ."

ಎದ್ದು ಕೂತಳು. ಫೋನು ಕೇಳಲಿಲ್ಲ. ಹೊಲಿಗೆಯ ಗುರುತಿದ್ದ ಎಡಗೈ ಎದೆಯ ಮೇಲೆ ಹೋಯಿತು. ಗಾದಿಯಲ್ಲಿ ಅರಳೆ ಗಂಟು ಕಟ್ಟಿದೆಯೇನು ಎಂದು ನಾವು ಒತ್ತಿ ನೋಡುತ್ತೇವಲ್ಲ, ಹಾಗೆ ಒತ್ತಿ ನೋಡಿಕೊಂಡಳು.

"ಆಯಿ, ನೋಯಾಕತ್ತೈತಿ," ಎಂದಳು. ಆಮೇಲೆ ಅತ್ತಳು. ಮುತ್ಯಾನದೂ ಅದರಲ್ಲಿಯೇ ಬಂತು. ಅಷ್ಟು ದೊಡ್ಡ ದನಿ ಈ ಹುಡುಗಿಯದು ಎಂದು ನಮಗೆ ಗೊತ್ತಿರಲಿಲ್ಲ.

ಬಾಲಗಾಂವದಲ್ಲಿ ಬೀಬಿಜಾನಳ ಮೈ ತೊಳೆಯುವಾಗ ನನ್ನ ಜತೆ ನೀರು ಹಾಕಿದಳು. ಮುಖ ನೋಡಿದಳು. ತಿರುಗಿ ಬರುವಾಗ ಜೀಪಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿಬಿಟ್ಟಳು. ರಸ್ತೆ ಕೆಟ್ಟದ್ದು, ತಲೆ ಕುಟ್ಟುತ್ತಿತ್ತು, ಆದರೂ ಏಳಲಿಲ್ಲ. ನಡುವೆ ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ತೆಗೆದು ಕಿವಿಗೆ ಹಿಡಿದೆ. ನಮ್ಮ ಓಣಿಯವರು, ಎಷ್ಟೊತ್ತಿಗೆ ಬರುತ್ತೀರಿ, ರಾತ್ರಿಯ ಊಟ ನಾವು ಕೊಡುತ್ತೇವೆ ಎಂದರು. ಎಲ್ಲರೂ ಇದ್ದೀರಲ್ಲ ಎಂದು ಕೇಳಿದೆ. ಇದ್ದೇವೆ ಎಂದರು. ಫೋನನ್ನು ನನ್ನ ಉಡಿಯಲ್ಲಿಟ್ಟುಕೊಂಡೆ. ಎಬ್ಬಿಸಲಿಲ್ಲ.